ದಿಕ್ಕು ಕೇಳುವ ವಿದ್ಯೆ

ವಿಮಾನಯಾನದ ಸಾಹಿತ್ಯ ಓದುವಾಗ ನಮಗೆಲ್ಲ ಒಂದು ಅಭ್ಯಾಸವಿದೆ. ನಕ್ಷತ್ರ, ಮೋಡ, ಮರಳುಗಾಡು, ಒಂಟಿತನ ಬಂದಲ್ಲಿ ನಿಧಾನಿಸುತ್ತೇವೆ. ಆಂಟೆನಾ, ಡಿಗ್ರಿ, ಮೋರ್ಸ್ ಸಂಕೇತ ಬಂದಲ್ಲಿ ಪುಟ ಮಗುಚುತ್ತೇವೆ. ಸೇಂಟ್ ಎಕ್ಸುಪೆರಿಯ ಬಗ್ಗೆ ಬರುವ ಲೇಖನಗಳನ್ನು ನೋಡಿ: ಆತ ಆಕಾಶದ ಕವಿ, ಮನುಷ್ಯ ಸಂಬಂಧಗಳ ದಾರ್ಶನಿಕ. ಅವನ ಬೆನ್ನ ಹಿಂದೆ ಕೂತು ಚೀಟಿ ದಾಟಿಸುತ್ತಿದ್ದ ರೇಡಿಯೋ ಆಪರೇಟರ್ ಮಾತ್ರ ಯಾರ ಲೇಖನದಲ್ಲೂ ಬರುವುದಿಲ್ಲ. ನನ್ನ ತಕರಾರು ಇಷ್ಟೇ. ಪೈಲಟ್‌ಗಳು ಬರೆದ ಒಳ್ಳೆಯ ಪುಸ್ತಕಗಳು ನಿಜವಾಗಿ ಯೋಚನೆ ಮಾಡುವುದು ನಾವು ಹಾರಿಸಿಬಿಡುವ ಪುಟಗಳಲ್ಲಿ. ಮೂವರನ್ನು ಇಟ್ಟುಕೊಂಡು ಇದನ್ನು ಹೇಳಲು ಯತ್ನಿಸುತ್ತೇನೆ: ಅಮೆರಿಕದ ಅರ್ನೆಸ್ಟ್ ಗ್ಯಾನ್, ಫ್ರಾನ್ಸಿನ ಸೇಂಟ್ ಎಕ್ಸುಪೆರಿ, ಮತ್ತು ಈ ಸಾಲಿನಲ್ಲಿ ಸಾಮಾನ್ಯವಾಗಿ ಕೊನೆಗೂ ನೆನಪಾಗದ ಆನ್ ಮಾರೋ ಲಿಂಡ್‌ಬರ್ಗ್.

ಅದಕ್ಕೆ ಮೊದಲು ಸ್ವಲ್ಪ ತಾಂತ್ರಿಕ ವಿಷಯಕ್ಕೆ ಇಳಿಯಬೇಕು. ಬೇಸರಪಡಬೇಡಿ, ಇಲ್ಲಿರುವುದು ಗಣಿತಕ್ಕಿಂತ ಹೆಚ್ಚಾಗಿ ಓದಿನ ಸಮಸ್ಯೆ.

1930ರ ದಶಕದ ಅಮೆರಿಕದಲ್ಲಿ ಮೋಡದೊಳಗೆ ಹಾರಲು ಕಲಿಯುವ ಪೈಲಟ್ ಮುಖ್ಯವಾಗಿ ಕಲಿಯಬೇಕಿದ್ದುದು ಕೇಳುವುದನ್ನು. ವಿಮಾನ ಮಾರ್ಗದುದ್ದಕ್ಕೂ ‘ರೇಡಿಯೋ ರೇಂಜ್’ ಎಂಬ ಕೇಂದ್ರಗಳಿದ್ದವು. ಪ್ರತಿ ಕೇಂದ್ರವೂ ತನ್ನ ಸುತ್ತಲಿನ ಆಕಾಶವನ್ನು ನಾಲ್ಕು ಹೋಳು ಮಾಡುತ್ತಿತ್ತು. ಎದುರುಬದುರಾದ ಎರಡು ಹೋಳುಗಳಲ್ಲಿ ಮೋರ್ಸ್‌ನ ‘ಎ’ ಕೇಳಿಸುತ್ತದೆ: ಡಿ-ಡಾ, ಡಿ-ಡಾ. ಉಳಿದೆರಡರಲ್ಲಿ ‘ಎನ್’: ಡಾ-ಡಿ, ಡಾ-ಡಿ. ಒಂದರ ಸದ್ದು ಇನ್ನೊಂದರ ಮೌನದೊಳಗೆ ಸರಿಯಾಗಿ ಕೂರುವಂತೆ ಎರಡನ್ನೂ ಹೆಣೆದಿರುತ್ತಾರೆ. ಹಾಗಾಗಿ ಎರಡು ಹೋಳುಗಳು ಕೂಡುವ ಗೆರೆಯ ಮೇಲೆ ಡಿ-ಡಾವೂ ಇಲ್ಲ, ಡಾ-ಡಿಯೂ ಇಲ್ಲ. ತಂಬೂರಿಯ ಶ್ರುತಿಯಂತೆ ಬಿಡದೆ ಮೊರೆಯುವ ಒಂದೇ ನಾದ. ಆ ನಾದವೇ ದಾರಿ. ಇಂಥ ನಾಲ್ಕು ದಾರಿಗಳು ಪ್ರತಿ ಕೇಂದ್ರದಿಂದ ಹೊರಡುತ್ತಿದ್ದವು. ಎಡಕ್ಕೋ ಬಲಕ್ಕೋ ಸರಿದರೆ ನಾದದ ಹಿಂದಿನಿಂದ ಒಂದು ಅಕ್ಷರ ಮೆಲ್ಲಗೆ ತಲೆ ಎತ್ತುತ್ತದೆ. ಕೇಂದ್ರದ ಹತ್ತಿರ ಬಂದಂತೆ ಸದ್ದು ಏರುತ್ತದೆ, ಸರಿಯಾಗಿ ನೆತ್ತಿಯ ಮೇಲೆ ಬಂದಾಗ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಇದಕ್ಕೆ ಪೈಲಟ್‌ಗಳು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ಮೌನದ ಶಂಕು’ ಎನ್ನಬಹುದು. ಗಮ್ಯ ಸಿಕ್ಕಿತೆಂಬುದಕ್ಕೆ ಗುರುತು ಏನೂ ಕೇಳಿಸದಿರುವುದು. ಇದನ್ನು ಕಟ್ಟಿದವರು ಯಾವ ಕವಿಗಳೂ ಅಲ್ಲ, ಎಂಜಿನಿಯರುಗಳು.

ಈಗ ವಿದ್ಯಾರ್ಥಿಯ ಪಾಡು ನೋಡಿ. ಕಿಟಕಿಯಾಚೆ ಬರೀ ಬಿಳಿ. ಕಿವಿಯಲ್ಲಿ ಡಿ-ಡಾ. ಹಾಗಾದರೆ ಅವನು ‘ಎ’ ಹೋಳಿನಲ್ಲಿದ್ದಾನೆ. ಆದರೆ ‘ಎ’ ಹೋಳುಗಳು ಎರಡಿವೆ, ಕೇಂದ್ರದ ಆ ಬದಿಗೊಂದು, ಈ ಬದಿಗೊಂದು. ಸದ್ದಿನಲ್ಲಿ ಅವೆರಡಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಒಂದೇ ಅಕ್ಷರಕ್ಕೆ ಎರಡು ಅರ್ಥ, ಅವೂ ಪರಸ್ಪರ ವಿರುದ್ಧ. ಕೂತಲ್ಲೇ ಯೋಚಿಸಿ ಇದನ್ನು ಬಿಡಿಸಲಾಗದು. ಅದಕ್ಕೆ ಕಲಿಸುತ್ತಿದ್ದ ಉಪಾಯ ಹೀಗಿತ್ತು: ಗೊತ್ತಾದ ಒಂದು ದಿಕ್ಕಿಗೆ ವಿಮಾನ ತಿರುಗಿಸು, ಸದ್ದನ್ನು ಕಿವಿಗೆ ಅಷ್ಟಕ್ಕಷ್ಟೇ ಕೇಳುವಷ್ಟು ತಗ್ಗಿಸು, ಅದೇ ದಿಕ್ಕಿನಲ್ಲಿ ಹಾರುತ್ತಾ ಕಾಯಿ. ಸದ್ದು ಏರಿದರೆ ಕೇಂದ್ರದ ಕಡೆಗೆ ಹೋಗುತ್ತಿದ್ದೀಯ, ಕುಗ್ಗಿದರೆ ದೂರವಾಗುತ್ತಿದ್ದೀಯ. ಹಲವು ನಿಮಿಷಗಳ ಕಾಲ ಬೇಕೆಂದೇ ತಪ್ಪು ದಿಕ್ಕಿಗೆ ಹೋಗುವ ಸಾಧ್ಯತೆಯನ್ನು ಒಪ್ಪಿಕೊಂಡೇ ಸರಿಯಾದುದನ್ನು ಕಂಡುಹಿಡಿಯಬೇಕು. ಹೊಸ ವಿದ್ಯಾರ್ಥಿಗೆ ಅತಿ ಕಷ್ಟದ್ದು ಇದೇ. ಭಯವಾದಾಗ ಮನಸ್ಸು ಉತ್ತರವನ್ನು ಮೊದಲೇ ಆರಿಸಿಕೊಂಡಿರುತ್ತದೆ. ಏರಬೇಕೆಂದು ಆಸೆಪಡುವ ಕಿವಿಗೆ ಸದ್ದು ಏರಿದಂತೆಯೇ ಕೇಳುತ್ತದೆ. ಮೇಲಾಗಿ ಗುಡುಗು, ಹಿಮ ಇದ್ದಾಗ ಸಿಡಿಸಿಡಿ ಗದ್ದಲ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಎಂದರೆ ಈ ವ್ಯವಸ್ಥೆ ಬಹಳ ಬೇಕಾದಾಗಲೇ ಕೈಕೊಡುತ್ತಿತ್ತು.

ಇದನ್ನು ನೆಲದ ಮೇಲೆಯೇ ಕಲಿಸಲು ಒಂದು ಪೆಟ್ಟಿಗೆ ಇತ್ತು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಪಿಯಾನೋ, ಆರ್ಗನ್ ತಯಾರಿಸುವ ಮನೆತನದ ಎಡ್ವಿನ್ ಲಿಂಕ್ ಎಂಬಾತ ಆರ್ಗನ್ನಿನ ತಿದಿಗಳನ್ನೇ ಬಳಸಿ 1929ರ ಹೊತ್ತಿಗೆ ನೆಲದಲ್ಲೇ ವಾಲಾಡುವ ಪುಟ್ಟ ವಿಮಾನ ಮಾಡಿದ. ಮೊದಮೊದಲು ಅದು ಹೆಚ್ಚು ಹೋದದ್ದು ಮನರಂಜನಾ ಪಾರ್ಕುಗಳಿಗೆ. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸುವ ಹೊಣೆ ಹೊತ್ತು, ಕೆಟ್ಟ ಹವೆಯಲ್ಲಿ ಹಾರಲು ತರಬೇತಿಯಿಲ್ಲದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೇನೆ ಆರು ಲಿಂಕ್ ಟ್ರೇನರ್‌ಗಳನ್ನು ಕೊಂಡಿತು. ವಿದ್ಯಾರ್ಥಿಯನ್ನು ಒಳಗೆ ಕೂರಿಸಿ ಮುಚ್ಚಳ ಹಾಕುತ್ತಾರೆ. ಹೊರಗೆ ಮೇಜಿನ ಬಳಿ ಶಿಕ್ಷಕ. ಡಿ-ಡಾ, ಡಾ-ಡಿ ಎಲ್ಲವೂ ಅವನ ಕೈಯಲ್ಲಿ, ಗಾಳಿಯೂ ಅವನದೇ. ಮೇಜಿನ ಮೇಲೆ ಹರಡಿದ ನಕ್ಷೆಯ ಮೇಲೆ ಮೂರು ಚಕ್ರದ ಒಂದು ಯಂತ್ರ ತೆವಳುತ್ತಾ, ವಿದ್ಯಾರ್ಥಿ ‘ಹಾರಿದ’ ದಾರಿಯನ್ನು ಶಾಯಿಯಲ್ಲಿ ಗೀಚುತ್ತಾ ಹೋಗುತ್ತದೆ. ಅದಕ್ಕೆ ‘ಏಡಿ’ ಎಂದು ಕರೆಯುತ್ತಿದ್ದರು. ಮುಚ್ಚಳ ತೆಗೆದು ಹೊರಬಂದ ಹುಡುಗ, ತಾನು ನೇರ ಹೋದೆನೆಂದು ನಂಬಿದ್ದ ಗೆರೆ ಎಷ್ಟು ಡೊಂಕಾಗಿದೆ ಎಂದು ಅಲ್ಲಿ ನೋಡುತ್ತಿದ್ದ. ಕುರುಡಾಗಿ ಬರೆದ ತನ್ನದೇ ಬರಹವನ್ನು ಮೊದಲ ಸಲ ಓದಿದ ಹಾಗೆ.

ಗ್ಯಾನ್ ಬರೆದ ‘ಫೇಟ್ ಈಸ್ ದ ಹಂಟರ್’ 1961ರಲ್ಲಿ ಬಂತು. ಆತ್ಮಕಥನ ಎನ್ನುವುದಕ್ಕಿಂತ ಅದೊಂದು ಶಿಷ್ಯವೃತ್ತಿಯ ಪುಸ್ತಕ. ಪುಸ್ತಕದ ಬಾಗಿಲಲ್ಲೇ ಸತ್ತುಹೋದ ನೂರಾರು ಸಹೋದ್ಯೋಗಿಗಳ ಹೆಸರುಗಳ ಪಟ್ಟಿಯಿದೆ. ಆ ಪಟ್ಟಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಆದರೆ ಮುಂದೆ ಬರುವ ಪಾಠಗಳೆಲ್ಲ ಆ ಪಟ್ಟಿಯ ನೆರಳಿನಲ್ಲೇ ನಡೆಯುತ್ತವೆ. ಬಹಳ ಹೆಸರಾದ ಪ್ರಸಂಗ ರಾಸ್ ಎಂಬ ಕ್ಯಾಪ್ಟನ್ ಕಲಿಸಿದ್ದು. ಸಹಪೈಲಟ್ ಗ್ಯಾನ್ ಉಪಕರಣಗಳನ್ನೇ ನಂಬಿ, ಕಿವಿಯ ಸಂಕೇತಕ್ಕೆ ತಕ್ಕಂತೆ ವಿಮಾನವನ್ನು ಇಳಿಸುತ್ತಿದ್ದಾನೆ. ಎಡ-ಬಲ, ಎತ್ತರ, ವೇಗ ಎಲ್ಲವನ್ನೂ ಕೂದಲೆಳೆಯಷ್ಟೂ ತಪ್ಪದೆ ಹಿಡಿದಿರಬೇಕಾದ ಹೊತ್ತು. ಆಗ ರಾಸ್ ಬೆಂಕಿಕಡ್ಡಿ ಗೀರಿ ಅವನ ಕಣ್ಣೆದುರು ಹಿಡಿಯುತ್ತಾನೆ. ಒಂದು ಆರಿದ ಮೇಲೆ ಮತ್ತೊಂದು. ಶಿಷ್ಯನಿಗೆ ಸಿಟ್ಟು, ಅವಮಾನ. ರಾಸ್ ಯಾಕೆ ಹಾಗೆ ಮಾಡಿದ ಎನ್ನುವುದು ನಿಜವಾದ ಅಪಾಯ ಎದುರಾದ ಮೇಲೆ ಅರ್ಥವಾಗುತ್ತದೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ‘ಕಠಿಣ ಗುರು, ಕೃತಜ್ಞ ಶಿಷ್ಯ’ ಎಂಬ ಹಳೆಯ ಅಚ್ಚಿಗೆ ಹೊಯ್ದು ಓದುತ್ತಾರೆ. ಅದರಲ್ಲಿ ನನಗೆ ರುಚಿಯಿಲ್ಲ. ಗುರು ಹೊಡೆದದ್ದು ಒಳ್ಳೆಯದಕ್ಕೇ ಎಂಬ ಮಾತು ನಮ್ಮಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದೆ ಎಂಬುದು ಗೊತ್ತಿರುವುದೇ. ಇಲ್ಲಿ ಗಮನಿಸಬೇಕಾದ್ದು ಬೇರೆ. ರಾಸ್ ಕಲಿಸುತ್ತಿರುವುದು ವಿಮಾನ ಇಳಿಸುವುದನ್ನಲ್ಲ, ಅದು ಶಿಷ್ಯನಿಗೆ ಬರುತ್ತದೆ. ಕ್ಷೀಣವಾದ ಒಂದು ಸಂಕೇತ, ಮೂಗಿನ ಕೆಳಗೇ ಇರುವ ಪ್ರಖರವಾದ ಒಂದು ಬೆಂಕಿ, ಇವೆರಡರ ನಡುವೆ ಯಾವುದಕ್ಕೆ ಗಮನ ಕೊಡಬೇಕು ಎಂಬುದೇ ಪಾಠ. ಬೆಂಕಿಯದು ಜೋರು, ಆದರೆ ಅದರಲ್ಲಿ ಮಾಹಿತಿಯಿಲ್ಲ. ಗ್ಯಾನ್‌ನ ಗದ್ಯವೂ ಇದನ್ನೇ ಪಾಲಿಸುತ್ತದೆ. ಅಪಾಯ ಹೆಚ್ಚಿದಂತೆ ಅವನ ವಾಕ್ಯಗಳು ಭಾವಕ್ಕೆ ಏರುವುದಿಲ್ಲ, ಮುಳ್ಳುಗಳ ಕಡೆಗೆ, ಅಂಕಿಗಳ ಕಡೆಗೆ ತಿರುಗುತ್ತವೆ. ಇದು ಭಾವದ ಬಡತನವೆಂದು ಹೇಳುವ ವಿಮರ್ಶಕರು ಆ ಬೆಂಕಿಕಡ್ಡಿಯನ್ನು ಮತ್ತೊಮ್ಮೆ ನೆನೆಯಬೇಕು. (ಹಾಗೆಂದು ಗ್ಯಾನ್‌ನ ‘ವಿಧಿ’ಯ ತತ್ವವನ್ನೆಲ್ಲ ನಾನು ಒಪ್ಪುವುದಿಲ್ಲ. ಪುಸ್ತಕದ ಹೆಸರಿನಲ್ಲೇ ಇರುವ ಆ ಬೇಟೆಗಾರ ಪುಸ್ತಕದೊಳಗೆ ಕೆಲವೊಮ್ಮೆ ಲೇಖಕನ ಸೋಮಾರಿತನದಂತೆ ಕಾಣುತ್ತಾನೆ.)

ರೇಂಜ್ ಕೇಂದ್ರದ ಜೊತೆಗೆ ಇನ್ನೊಂದು ವಿದ್ಯೆಯಿತ್ತು: ದಿಕ್ಕು ಪತ್ತೆ ಮಾಡುವ ಬಳೆ, ಅಂದರೆ ಲೂಪ್ ಆಂಟೆನಾ. ಬಳೆಯನ್ನು ತಿರುಗಿಸುತ್ತಾ ಹೋದರೆ ಸಂಕೇತ ಒಂದು ಕಡೆ ಜೋರಾಗುತ್ತದೆ, ಒಂದು ಕಡೆ ಸತ್ತೇಹೋಗುತ್ತದೆ. ಕಿವಿ ಹಿಡಿಯಬೇಕಾದ್ದು ಸದ್ದು ಸಾಯುವ ಜಾಗವನ್ನು, ಏಕೆಂದರೆ ಜೋರಿಗಿಂತ ಮೌನದ ಅಂಚು ಹರಿತ. ಇಲ್ಲೂ ಅದೇ ಇಬ್ಬಂದಿ. ಬಳೆ ಕೊಡುವುದು ಒಂದು ಗೆರೆಯನ್ನು. ಕೇಂದ್ರ ಆ ಗೆರೆಯ ಯಾವ ತುದಿಯಲ್ಲಿದೆ, ಮುಂದೋ ಹಿಂದೋ ಎಂದು ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಆಂಟೆನಾ ಬೇಕು, ಇಲ್ಲವೇ ಇನ್ನೊಂದು ಕೇಂದ್ರ, ಇಲ್ಲವೇ ತಾಳ್ಮೆ.

ಅಮೀಲಿಯಾ ಇಯರ್‌ಹಾರ್ಟ್‌ಳ ಕೊನೆಯ ಬೆಳಗು ಈ ಪಾಠ ಅರ್ಧಕ್ಕೆ ನಿಂತುದರ ಕಥೆ. 1937ರ ಜುಲೈ 2ರಂದು ಪೆಸಿಫಿಕ್ ಸಾಗರದ ಪುಟ್ಟ ಹೌಲ್ಯಾಂಡ್ ದ್ವೀಪವನ್ನು ಹುಡುಕುತ್ತಿದ್ದ ಅವಳಿಗೆ ‘ಇಟಾಸ್ಕಾ’ ಹಡಗು 7500 ಕಿಲೋಸೈಕಲ್‌ನಲ್ಲಿ ಕಳಿಸಿದ ಸಂಕೇತ ಕೇಳಿಸಿತು, ಆದರೆ ಆ ಮೌನದ ಅಂಚು ಸಿಗಲಿಲ್ಲ. ಅಷ್ಟು ಹೆಚ್ಚಿನ ಆವರ್ತನದಲ್ಲಿ ಅವಳ ಬಳೆ ದಿಕ್ಕು ಹೇಳಲಾರದಾಗಿತ್ತು. ಹಡಗಿನವರಿಗೆ ಅವಳ ದನಿ ಕೇಳುತ್ತಿತ್ತು. ಕೊನೆಗೆ ಕೇಳಿದ ಮಾತುಗಳಲ್ಲಿ ಒಂದು, ತಾವು 157–337 ಗೆರೆಯ ಮೇಲಿದ್ದೇವೆ ಎಂಬುದು. ಮತ್ತೆ ಒಂದು ಗೆರೆ, ಎರಡು ತುದಿ. ‘ಲಾಸ್ಟ್ ಫ್ಲೈಟ್’ ಹೆಸರಿನಲ್ಲಿ ಅದೇ ವರ್ಷ ಬಂದ ಅವಳ ಪುಸ್ತಕವನ್ನು, ದಾರಿಯಿಂದ ಅವಳು ಕಳಿಸಿದ್ದ ಬರಹಗಳಿಂದ ಜೋಡಿಸಿದವನು ಗಂಡ ಪುಟ್ನಮ್. ಅದನ್ನು ಓದುವಾಗ ನಾವು ಇಟಾಸ್ಕಾ ಹಡಗಿನವರ ಸ್ಥಿತಿಯಲ್ಲೇ ಇರುತ್ತೇವೆ. ದನಿ ಸ್ಪಷ್ಟ, ಆಕೆ ಎಲ್ಲಿದ್ದಾಳೆಂಬುದು ಮಾತ್ರ ತಿಳಿಯದು.

ಇನ್ನು ಸೇಂಟ್ ಎಕ್ಸುಪೆರಿ. 1939ರ ‘ಟೆರ್ ದೆಸೋಮ್’, ಇಂಗ್ಲಿಷಿನಲ್ಲಿ ‘ವಿಂಡ್, ಸ್ಯಾಂಡ್ ಅಂಡ್ ಸ್ಟಾರ್ಸ್’. ಅದರ ಆರಂಭದಲ್ಲೇ ಒಂದು ಅಪೂರ್ವ ಪಾಠವಿದೆ. ಮೊದಲ ಅಂಚೆ ಹಾರಾಟದ ಹಿಂದಿನ ಸಂಜೆ ಹೊಸಬನಾದ ಸೇಂಟ್ ಎಕ್ಸುಪೆರಿಗೆ ಗೆಳೆಯ ಗಿಯೋಮೆ ಸ್ಪೇನಿನ ಭೂಗೋಳ ಹೇಳಿಕೊಡುತ್ತಾನೆ. ನದಿ, ನಗರ, ಜನಸಂಖ್ಯೆಯ ಸುದ್ದಿಯಿಲ್ಲ. ಗ್ವಾದಿಕ್ಸ್ ಬಳಿಯ ಮೂರು ಕಿತ್ತಳೆ ಮರ, ತುರ್ತಾಗಿ ಇಳಿಯಬಹುದಾದ ಬಯಲಿನ ಹುಲ್ಲಿನಡಿ ಹಾವಿನಂತೆ ಅಡಗಿದ ತೊರೆ, ಒಬ್ಬ ರೈತ, ಅವನ ಹೆಂಡತಿ. ನಕ್ಷೆ ಕಥೆಯಾಗುತ್ತದೆ. ಎಲ್ಲರೂ ಮೆಚ್ಚಿ ಉದಾಹರಿಸುವ ಭಾಗ ಇದು, ಮೆಚ್ಚಬೇಕಾದ್ದೂ ಹೌದು. ಆದರೆ ಕಣ್ಣು ಕಾಣುವವರೆಗೆ ಮಾತ್ರ ಉಪಯೋಗಕ್ಕೆ ಬರುವ ಪಾಠ ಅದು. ಮೋಡ ಮುಚ್ಚಿದರೆ ಮೂರು ಕಿತ್ತಳೆ ಮರವೂ ಇಲ್ಲ, ರೈತನೂ ಇಲ್ಲ.

ಸ್ವಲ್ಪ ಮುಂದೆ ಲೇಖಕ ಅದಕ್ಕೆ ಎದುರಾದ ಇನ್ನೊಂದು ರಾತ್ರಿಯನ್ನು ಇಡುತ್ತಾನೆ. ಸಹಾರಾದ ಅಂಚಿನಲ್ಲಿ, ಕತ್ತಲಲ್ಲಿ, ರೇಡಿಯೋ ಆಪರೇಟರ್ ನೇರಿಯ ಜೊತೆ ಹಾರುತ್ತಾ ದಾರಿ ತಪ್ಪಿ ಸಮುದ್ರದ ಮೇಲೆ ಸಿಕ್ಕಿಬಿದ್ದಿದ್ದಾರೆ. ದಿಗಂತದಲ್ಲಿ ಕಂಡ ಪ್ರತಿ ಮಿನುಗೂ ನಿಲ್ದಾಣದ ದೀಪವೆಂದು ಆಸೆಪಟ್ಟು ಅತ್ತ ತಿರುಗುತ್ತಾರೆ. ಪ್ರತಿ ಸಲವೂ ಅದು ನಕ್ಷತ್ರ. ಕೊನೆಗೊಂದು ಉಪಾಯ ಹೂಡುತ್ತಾರೆ: ಸಿಸ್ನೆರೋಸ್ ನಿಲ್ದಾಣಕ್ಕೆ ರೇಡಿಯೋದಲ್ಲಿ ಹೇಳಿ, ದೀಪವನ್ನು ಆರಿಸಿ ಹೊತ್ತಿಸಿ. ಅಲ್ಲಿ ದೀಪ ಆರಿಸಿ ಹೊತ್ತಿಸುತ್ತಾರೆ. ಇವರು ಕಣ್ಣು ನೆಟ್ಟಿದ್ದ ಬೆಳಕು ಮಾತ್ರ ಕಣ್ಣು ಮಿಟುಕಿಸುವುದಿಲ್ಲ. ಅದೂ ನಕ್ಷತ್ರವೇ.

ಈ ಪುಟವನ್ನು ಆಕಾಶಕವಿತ್ವದ ಉದಾಹರಣೆಯಾಗಿ ಬಳಸುವುದನ್ನು ಕಂಡಿದ್ದೇನೆ. ನನಗನ್ನಿಸುವಂತೆ ಇದು ಅದಕ್ಕೆ ತದ್ವಿರುದ್ಧ. ನಕ್ಷತ್ರದ ವಿರುದ್ಧವಾಗಿ ಬರೆದ ಪುಟ ಇದು. ನಕ್ಷತ್ರಕ್ಕೂ ದಾರಿದೀಪಕ್ಕೂ ಹೊಳಪಿನಲ್ಲಿ ವ್ಯತ್ಯಾಸವಿಲ್ಲ, ಒಂದು ಉತ್ತರ ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ. ಚೆಲುವು ಇಲ್ಲಿ ಗುರುತಲ್ಲ. ಅದೇ ರಾತ್ರಿ, ಪ್ರಾಣ ಹೋಗುವ ಹೊತ್ತಿನಲ್ಲಿ, ರೇಡಿಯೋದಲ್ಲಿ ಬರುವ ಒಂದು ಸಂದೇಶ: ಕಾಸಾಬ್ಲಾಂಕಾದಲ್ಲಿ ಹೊರಡುವಾಗ ನೀವು ಹ್ಯಾಂಗರ್‌ಗಳ ತೀರಾ ಹತ್ತಿರ ತಿರುವು ತೆಗೆದುಕೊಂಡಿರಿ, ಕ್ರಮಕ್ಕೆ ಶಿಫಾರಸು ಮಾಡಬೇಕಾಗಿದೆ ಎಂದು ಸರ್ಕಾರದ ಪ್ರತಿನಿಧಿಯೊಬ್ಬನ ತಗಾದೆ. ನಗು ಬರುತ್ತದೆ. ಆದರೆ ಆ ಬೈಗುಳದಲ್ಲೂ ಅವರಿಗೆ ನೆಲದ ವಾಸನೆ ಸಿಗುತ್ತದೆ. ಯಾರೋ ಒಬ್ಬ ಗುಮಾಸ್ತೆಯ ಸಿಟ್ಟು ಕೂಡ ನಕ್ಷತ್ರಕ್ಕಿಂತ ಹೆಚ್ಚು ಭರವಸೆ ಕೊಡುವಂಥದ್ದು.

ಇಲ್ಲಿ ನಮ್ಮ ಭಾಷೆ ಒಂದು ಸಹಾಯ ಮಾಡುತ್ತದೆ. ಕನ್ನಡದಲ್ಲಿ ‘ದಿಕ್ಕು’ ಎಂದರೆ ಉತ್ತರ, ದಕ್ಷಿಣ ಮಾತ್ರವಲ್ಲ. ‘ನನಗ್ಯಾರು ದಿಕ್ಕು?’ ಎನ್ನುವಾಗ ನಾವು ಕೇಳುತ್ತಿರುವುದು ಆಸರೆಯಾದ ಮನುಷ್ಯರನ್ನು. ದಿಕ್ಕಿಲ್ಲದವರಿಗೆ ದೇವರೇ ದಿಕ್ಕು ಎನ್ನುತ್ತೇವೆ. ದಿಕ್ಕುಗೆಟ್ಟವನು ದಾರಿ ತಪ್ಪಿದವನೂ ಹೌದು, ಹೇಳಕೇಳುವವರಿಲ್ಲದವನೂ ಹೌದು. ಇಂಗ್ಲಿಷಿನ ಮಾತಿನಲ್ಲಿ ಈ ಎರಡನೆಯ ಅರ್ಥವಿಲ್ಲ. ರೇಡಿಯೋ ಕೇಂದ್ರ ಪೈಲಟ್‌ಗೆ ಕೊಡುವುದು ಸರಿಯಾಗಿ ಕನ್ನಡದ ‘ದಿಕ್ಕ’ನ್ನೇ. ನೀನು ಎಲ್ಲಿದ್ದೀಯ ಎಂದು ಅದು ಹೇಳುವುದಿಲ್ಲ. ನಾನು ಇಲ್ಲಿದ್ದೇನೆ ಎಂದಷ್ಟೇ ಹೇಳುತ್ತದೆ. ಉಳಿದುದನ್ನು ನೀನೇ ಕಂಡುಕೊಳ್ಳಬೇಕು.

ಈ ಬೆಳಕಿನಲ್ಲಿ ‘ನೈಟ್ ಫ್ಲೈಟ್’ ಕಾದಂಬರಿಯನ್ನು ಮತ್ತೆ ಓದಿದರೆ ನನಗೆ ಅದು ಮೊದಲಿನಷ್ಟು ದೊಡ್ಡದಾಗಿ ಕಾಣುವುದಿಲ್ಲ. 1931ರಲ್ಲಿ ಬಂದು ಫೆಮಿನಾ ಪ್ರಶಸ್ತಿ ಪಡೆದ ಕೃತಿ. ಪಟಗೋನಿಯಾದಿಂದ ಅಂಚೆ ತರುತ್ತಿರುವ ಫಾಬಿಯೆನ್ ಬಿರುಗಾಳಿಗೆ ಸಿಕ್ಕಿ, ಮೋಡಗಳ ನಡುವಿನ ಕಂಡಿಯಲ್ಲಿ ಕಂಡ ನಕ್ಷತ್ರಗಳತ್ತ ಏರುತ್ತಾನೆ. ಅದು ಬಲೆ ಎಂದು ಗೊತ್ತಿದ್ದೂ ಏರುತ್ತಾನೆ. ಮೇಲೆ ಹಾಲಿನಂಥ ಬೆಳಕು. ಎಲ್ಲ ಸಂಕಲನಗಳೂ ಆರಿಸಿಕೊಳ್ಳುವ ಭಾಗ. ಇತ್ತ ಬ್ಯೂನಸ್ ಐರಿಸ್‌ನಲ್ಲಿ ರಿವಿಯೇರ್ ಎಂಬ ಅಧಿಕಾರಿ ಕರ್ತವ್ಯದ ಬಗ್ಗೆ ಗಂಭೀರವಾಗಿ ಚಿಂತಿಸುತ್ತಾನೆ. ಸಾವು ಎಷ್ಟು ಚೆಲುವಾಗಿದೆಯೆಂದರೆ, ಯಾಕೆ ಸತ್ತರು ಎಂಬ ಪ್ರಶ್ನೆ ಕರಗಿಹೋಗುತ್ತದೆ. ‘ಟೆರ್ ದೆಸೋಮ್’ನ ನೇರಿಯ ರಾತ್ರಿಯಲ್ಲಿ ನಕ್ಷತ್ರವನ್ನು ಪರೀಕ್ಷೆಗೆ ಒಡ್ಡಿದ ಲೇಖಕ, ಇಲ್ಲಿ ಅದರ ಮೋಹಕ್ಕೆ ತಾನೇ ಬಿದ್ದಿದ್ದಾನೆ. ನನಗೆ ಈ ಕಾದಂಬರಿಯಲ್ಲಿ ಉಳಿಯುವುದು ಬೇರೆಯದು: ಬಿರುಗಾಳಿಯ ವಿದ್ಯುತ್ತಿನಿಂದ ಬೆರಳಿಗೆ ಕಿಡಿ ತಗಲುತ್ತಿದ್ದರೂ ಕೀಲಿ ಬಿಡದ ಆಪರೇಟರ್, ಒಂದು ಊರಿಂದ ಇನ್ನೊಂದು ಊರಿಗೆ ತುಂಡುತುಂಡಾಗಿ ದಾಟುವ ಸಂದೇಶ. ಇಂಧನ ಇನ್ನರ್ಧ ಗಂಟೆಗೆ ಮಾತ್ರ ಎಂಬ ಸುದ್ದಿ ಹಾಗೆ ಬಂದು ತಲುಪುತ್ತದೆ. ಆ ಆಪರೇಟರ್‌ಗೆ ಕಾದಂಬರಿ ಒಂದು ಹೆಸರನ್ನೂ ಕೊಡುವುದಿಲ್ಲ.

ಇವತ್ತಿನ ವಿದ್ಯಾರ್ಥಿ ಪೈಲಟ್‌ಗೆ ರೇಂಜ್ ಕೇಂದ್ರಗಳಿಲ್ಲ, ಅವು ಎಂದೋ ಮುಚ್ಚಿಹೋದವು. ಉಪಗ್ರಹಗಳು ಬಂದ ಮೇಲೆ ನೆಲದ ರೇಡಿಯೋ ಬೀಕನ್‌ಗಳೂ ಒಂದೊಂದಾಗಿ ಆರುತ್ತಿವೆ. ಆದರೂ ಬೀಕನ್ ಪಾಠ ಹಲವು ಕಡೆ ಪಠ್ಯದಲ್ಲಿ ಉಳಿದಿದೆ. ಅದರಲ್ಲಿ ಎರಡು ಸಂಗತಿಗಳನ್ನು ವಿಮರ್ಶೆ ಓದುವವರು ತಿಳಿದಿರುವುದು ಒಳ್ಳೆಯದು. ಮೊದಲನೆಯದು: ದಿಕ್ಕು ತೋರಿಸುವ ಮುಳ್ಳನ್ನು ಸದಾ ಮೂಗಿನ ನೇರಕ್ಕೇ ಇಟ್ಟುಕೊಂಡು ಹಾರಿದರೆ ಕೇಂದ್ರ ಸಿಕ್ಕೇ ಸಿಗುತ್ತದೆ, ಆದರೆ ಅಡ್ಡಗಾಳಿ ನಿಮ್ಮನ್ನು ತಳ್ಳುತ್ತಾ ಹೋಗಿ ದಾರಿ ಬಿಲ್ಲಿನಂತೆ ಬಾಗುತ್ತದೆ. ನೇರ ಹೋಗಬೇಕೆಂದರೆ ಗಾಳಿಯ ಕಡೆಗೆ ಮೂಗು ತಿರುಗಿಸಿ, ಗುರಿಯನ್ನು ಬೇಕೆಂದೇ ಸ್ವಲ್ಪ ಓರೆಯಾಗಿ ಇಟ್ಟುಕೊಳ್ಳಬೇಕು. ಎರಡನೆಯದು: ಕೇಂದ್ರ ಸತ್ತುಹೋದರೂ ಮುಳ್ಳು ಕೆಲವೊಮ್ಮೆ ಏನೂ ಆಗಿಲ್ಲವೆಂಬಂತೆ ಅದೇ ಕಡೆ ತೋರಿಸುತ್ತಾ ನಿಂತಿರಬಹುದು. ಹತ್ತಿರ ಗುಡುಗಿದ್ದರೆ ಮಿಂಚಿನತ್ತಲೂ ವಾಲೀತು. ಮುಸ್ಸಂಜೆ, ಮುಂಜಾವಿನಲ್ಲಿ ಸುಮ್ಮನೆ ಅಲೆದಾಡೀತು. ಕೇಂದ್ರ ಬದುಕಿದೆ ಎಂಬುದಕ್ಕೆ ಸಾಕ್ಷಿ, ಹಿನ್ನೆಲೆಯಲ್ಲಿ ಸಣ್ಣಗೆ ಬರುತ್ತಲೇ ಇರುವ ಅದರ ಮೋರ್ಸ್ ಹೆಸರು. ಆದ್ದರಿಂದ ಶಿಕ್ಷಕರು ಹೇಳುತ್ತಾರೆ: ಬೀಕನ್ ಹಿಡಿದು ಹೋಗುವಷ್ಟು ಹೊತ್ತೂ ಆ ಸದ್ದನ್ನು ನಿಲ್ಲಿಸಬೇಡ.

ಹಾಗೆ ಸದ್ದನ್ನು ನಿಲ್ಲಿಸದೆ ಕೂತು ಬರೆದವಳು ಆನ್ ಮಾರೋ ಲಿಂಡ್‌ಬರ್ಗ್. 1931ರಲ್ಲಿ ಗಂಡ ಚಾರ್ಲ್ಸ್ ಜೊತೆ ಕೆನಡಾ, ಅಲಾಸ್ಕಾ, ಸೈಬೀರಿಯಾ ದಾಟಿ ಜಪಾನ್, ಚೀನಾಕ್ಕೆ ಹೋದ ಹಾರಾಟಕ್ಕಾಗಿ ಆಕೆ ಮೋರ್ಸ್ ಕಲಿತಳು, ರೇಡಿಯೋ ಆಪರೇಟರ್ ಲೈಸೆನ್ಸ್ ಪಡೆದಳು. 1935ರ ‘ನಾರ್ತ್ ಟು ದಿ ಓರಿಯಂಟ್’ ಆ ಪ್ರಯಾಣದ ಪುಸ್ತಕ. ಚಾರ್ಲ್ಸ್‌ನ ಹೆಸರಿನ ನೆರಳಲ್ಲಿ ಅದನ್ನು ‘ಹೆಂಡತಿಯ ಪ್ರವಾಸಕಥನ’ವೆಂದು ಪಕ್ಕಕ್ಕಿಡುವ ರೂಢಿಯಿದೆ. ಗ್ಯಾನ್ ಮತ್ತು ಸೇಂಟ್ ಎಕ್ಸುಪೆರಿ ಇಬ್ಬರೂ ಬರೆಯದೆ ಬಿಟ್ಟ ಸೀಟಿನಿಂದ ಬರೆದ ಪುಸ್ತಕ ಅದು ಎನ್ನುವುದನ್ನು ಮರೆಯುತ್ತೇವೆ. ನೇರಿ ಪುಸ್ತಕ ಬರೆದಿದ್ದರೆ ಹೀಗೆ ಬರೆಯುತ್ತಿದ್ದನೇನೋ. ದೂರದ, ಮುಖ ಕಾಣದ ಆಪರೇಟರುಗಳು ಆಕೆಗೆ ಕೇಂದ್ರಗಳಲ್ಲ, ಜನ.

ಆ ವಿಮಾನದ ಆಂಟೆನಾ ತುದಿಗೆ ಗುಂಡು ಕಟ್ಟಿದ ಉದ್ದನೆಯ ತಂತಿ. ಹಾರುವಾಗ ಕೆಳಗೆ ಇಳಿಬಿಟ್ಟಿರಬೇಕು, ನೀರಿನ ಮೇಲೆ ಇಳಿಯುವ ಮುನ್ನ ಕೈಯಿಂದಲೇ ಸುತ್ತಿ ಒಳಗೆಳೆದುಕೊಳ್ಳಬೇಕು. ಸುತ್ತಿದ ಕೂಡಲೇ ಮಾತು ನಿಲ್ಲುತ್ತದೆ. ಕುರಿಲ್ ದ್ವೀಪಗಳ ಬಳಿ ಮಂಜು ಕವಿದಾಗ ಜಪಾನಿನ ನೆಮುರೊ ಕೇಂದ್ರ ಆಕೆಯ ಕಿವಿಯಲ್ಲಿದೆ. ಮುಂದಿನ ಸೀಟಿನಲ್ಲಿ ಗಂಡ ಇಳಿಯಲು ಜಾಗ ಹುಡುಕುತ್ತಿದ್ದಾನೆ. ಯಾರಾದರೂ ಜೊತೆಗಿರಬೇಕೆನಿಸುವ ಹೊತ್ತಿಗೆ ಸರಿಯಾಗಿ ತಂತಿ ಸುತ್ತುವ ಸಮಯ ಬರುತ್ತದೆ. ಇಳಿಯುತ್ತಿದ್ದೇವೆ ಎಂದು ತಿಳಿಸಿ ಆಕೆ ಸುತ್ತಲು ತೊಡಗುತ್ತಾಳೆ. ಅದು ಮುಗಿದ ಮೇಲೆ ಆಪರೇಟರ್‌ಗೆ ವಿಮಾನದಲ್ಲಿ ಮಾಡಲು ಯಾವ ಕೆಲಸವೂ ಇರುವುದಿಲ್ಲ. ಮಂಜನ್ನು ನೋಡುತ್ತಾ ಕೂರಬೇಕು.